ನಿಮ್ಮಿಷ್ಟ ಅಂದೆಯಂತೆ

ಸೆಪ್ಟೆಂಬರ್ ೧೨

ಸೊಸೆಗೆ,

ನಿನ್ನ ಕಾಗದ ತಲುಪಿತು. ಸಂಗೀತ ಕಾಲೇಜಿನಲ್ಲಿ ಜೊತೆಯವರೆಲ್ಲ ಮೀಸೆ ಚಿಗುರದ ಹುಡುಗರು, ಮೊದಲ ದಿನ ನಿನ್ನನ್ನು ಯಾರದೋ ತಾಯಿ ಎಂದುಕೊಂಡು ಎದ್ದು ಕುರ್ಚಿ ಕೊಟ್ಟರು ಎಂದು ಬರೆದಿದ್ದೀಯ. ಕೊಟ್ಟ ಕುರ್ಚಿಯಲ್ಲಿ ಕೂತುಕೋ. ಮೂವತ್ತೆರಡಕ್ಕೆ ಪಿಯಾನೊ ಕಾಲೇಜು ಸೇರಿದವಳಿಗೆ ನಾಚಿಕೊಳ್ಳಲು ಪುರುಸೊತ್ತು ಇರಬಾರದು.

ನಿನ್ನ ಕಾಗದದಲ್ಲಿ ಹೆದರಿಕೆಯ ವಾಸನೆ ಇದೆ, ಅದಕ್ಕೇ ನೆನಪಿಸುತ್ತೇನೆ. ಈ ಮನೆಗೆ ಬಂದಾಗ ನೀನು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವಳು. ಬಾಣಂತನದಲ್ಲಿ ಹೊತ್ತು ಹೋಗದೆ ನನ್ನ ಪಿಯಾನೊ ಮುಂದೆ ಕೂತೆ. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಎಡಗೈ ಬಲಗೈಗೆ ಅಂಜದೆ ತನ್ನ ಪಾಡಿಗೆ ತಾನು ನಡೆಯುವುದನ್ನು ಕಂಡದ್ದು ನಿನ್ನಲ್ಲಿ ಮಾತ್ರ.

ನಿನ್ನೆ ಎದುರುಮನೆಯಾಕೆ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದಳು. “ಸೊಸೇನ ಮನೆಯಿಂದ ಓಡಿಸಿದ ಅತ್ತೇರನ್ನ ಎಷ್ಟೋ ಕಂಡಿದ್ದೀನಿ. ಪಿಯಾನೊ ಬಾರಿಸು ಹೋಗು ಅಂತ ಓಡಿಸಿದೋರು ನೀವೊಬ್ರೇ” ಎಂದಳು. “ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಬರಲೇ ಇಲ್ಲ. ಅದನ್ನೂ ಅವಳಿಗೇ ಕೊಟ್ಟೆ” ಎಂದೆ.

ನಿನ್ನ ಗಂಡ ಮುಖ ಊದಿಸಿಕೊಂಡೇ ಇದ್ದಾನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಿಮ್ಮದು ಬೇಸಿಗೆಯಿಡೀ ಉಂಡು ಮಲಗಿದರೂ ಮುಗಿಯಲಿಲ್ಲ. “ಅವಳಾಗಿ ಬಂದು ಮಾತಾಡೋ ತನಕ ನಾನು ಮಾತಾಡಲ್ಲ” ಅನ್ನುತ್ತಾನೆ. ಏನಿದ್ದರೂ ನನಗೆ ಬರೆ, ನಾನು ಹೇಳುತ್ತೇನೆ. ಫೋನ್ ಮಾತ್ರ ಬೇಡ. ಹೋದ ಸಲ ನಿನ್ನ ದನಿ ಕೇಳಿದ ಮೇಲೆ ಬುಗುರಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆರು ವರ್ಷದ ಮಗು, ನಿನ್ನನ್ನು ಮರೆತಾಗಲೇ ನಗುತ್ತದೆ.

ನಾಲ್ಕನೇ ಬೆರಳನ್ನು ಬಿಡಬೇಡ. ಅದು ಸೋಮಾರಿ.

ಅತ್ತೆ

ಅಕ್ಟೋಬರ್ ೬

ಅತ್ತೆಯವರಿಗೆ ನಮಸ್ಕಾರ.

ನನ್ನ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ಬೆಳಗಾದರೆ ಕೆಳಗೆ ಗಾಳಿ ಹೊಡೆಯುವ ಪಂಪಿನ ಸದ್ದು. ಅದರ ತಾಳಕ್ಕೇ ಮೇಜಿನ ಮೇಲೆ ಬೆರಳು ಸಾಧಕ ಮಾಡುತ್ತೇನೆ. ಸೋಮಾರಿ ಬೆರಳಿಗೆ ಬಿಡುವು ಕೊಟ್ಟಿಲ್ಲ.

ಪಾಠ ಹೇಳುವ ಮೇಷ್ಟ್ರು ನಾವು ಬಾರಿಸುವಾಗ ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ತಿರುಗಿ ನೋಡಿದರೆ ಮೆಚ್ಚಿದರು ಎಂದು ಅರ್ಥವಂತೆ. ಈ ವಾರ ನನ್ನ ಕಡೆ ಎರಡು ಸಲ ತಿರುಗಿದರು.

“ಮರೆತಾಗಲೇ ನಗುತ್ತದೆ” ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅವಳು ಮರೆಯಬಾರದು ಅತ್ತೆ. ಅಲ್ಲಾಡುತ್ತಿದ್ದ ಮುಂದಿನ ಹಲ್ಲು ಬಿತ್ತೇ? ಒಂದು ಚಿತ್ರ ಬರೆದು ಕಳಿಸಲು ಹೇಳಿ. ಏನಾದರೂ ಸರಿ, ಗೀಚಿದ್ದಾದರೂ ಸರಿ.

ಇವರಿಗೆ ಒಂದು ಮಾತು ಹೇಳಿ: ಚಳಿಗಾಲದ ರಜೆಗೆ ಬರುತ್ತೇನೆ, ಎದುರುಬದುರು ಕೂತು ಮಾತಾಡೋಣ.

ನಿಮ್ಮ ಸೊಸೆ

ಡಿಸೆಂಬರ್ ೧೫

ಅತ್ತೆಯವರಿಗೆ,

ಹೇಗೆ ಬರೆಯಲೋ ತಿಳಿಯುತ್ತಿಲ್ಲ. ರಜೆಗೆ ಬರಲಾಗುವುದಿಲ್ಲ. ಮೇಷ್ಟ್ರು ಕೆಲವರಿಗೆ ವಿಶೇಷ ಪಾಠ ಇಟ್ಟಿದ್ದಾರೆ, ಅದರಲ್ಲಿ ನಾನೂ ಇದ್ದೇನೆ. ಇವರಿಗೆ ನೀವೇ ಸಮಾಧಾನವಾಗುವ ಹಾಗೆ ಹೇಳಿ. ಸಿಟ್ಟು ಬಂದರೆ ಬೈಯಲಿ, ಆದರೆ ಏನು ಬೈದರು ಎಂಬುದನ್ನು ನನಗೆ ಬರೆಯಿರಿ. ಸುಮ್ಮನಿದ್ದಾರೆ ಎಂದರೆ ಭಯವಾಗುತ್ತದೆ.

ಇಲ್ಲಿ ಪಿಯಾನೊಗಳಿಗೆ ಬರವಿಲ್ಲ. ಒಂದೊಂದಕ್ಕೆ ಒಂದೊಂದು ಬುದ್ಧಿ. ಮೂಲೆಯಲ್ಲಿರುವ ಕರಿಯದು ಬೆಳಿಗ್ಗೆ ಮುನಿಸಿಕೊಂಡಿರುತ್ತದೆ, ಮಧ್ಯಾಹ್ನಕ್ಕೆ ದಾರಿಗೆ ಬರುತ್ತದೆ. ಬಾಗಿಲ ಹತ್ತಿರದ ಕಂದುಬಣ್ಣದ್ದು ಯಾರು ಮುಟ್ಟಿದರೂ ಇಂಪಾಗಿ ನುಡಿಯುತ್ತದೆ, ಆದ್ದರಿಂದ ಅದನ್ನು ನಂಬುವುದಿಲ್ಲ. ದಿನಾ ಬೆಳಿಗ್ಗೆ ಎಲ್ಲವನ್ನೂ ಒರೆಸುವಷ್ಟರಲ್ಲಿ ಅವುಗಳ ಮನಸ್ಸು ಗೊತ್ತಾಗಿಬಿಡುತ್ತದೆ.

ಚಿತ್ರ ಬರಲಿಲ್ಲ. ಅಂಚೆಯಲ್ಲಿ ಕಳೆದಿರಬಹುದೇ?

ನಿಮ್ಮ ಸೊಸೆ

ಜನವರಿ ೩

ಸೊಸೆಗೆ,

ಬರದಿದ್ದದ್ದೇ ಒಳ್ಳೆಯದಾಯಿತು. ಬಂದಿದ್ದರೆ ಅತ್ತು ಕರೆದು ಎರಡು ವಾರ ಹಾಳು, ಮತ್ತೆ ಬೆರಳು ಹದಕ್ಕೆ ಬರಲು ಎರಡು ವಾರ. ಅವನಿಗೆ ಹೇಳಿದೆ. ಕೇಳಿಸಿಕೊಂಡ, ಅಷ್ಟೆ. ಹಡಗು ರಿಪೇರಿ ಅಂಗಳದಲ್ಲಿ ವೆಲ್ಡಿಂಗ್ ಕೆಲಸ ಹೆಚ್ಚಾಗಿದೆ. ಬಂದವನೇ ಉಂಡು ಮಲಗುತ್ತಾನೆ. ಬುಗುರಿಗೆ ಶಾಲೆಯ ಪಾಠವೇ ಬೆಟ್ಟದಷ್ಟು, ಚಿತ್ರಕ್ಕೆಲ್ಲಿ ಬಿಡುವು? ಹಲ್ಲು ಬಿತ್ತು.

ಒಂದು ಪ್ರಶ್ನೆ. ಆ ಕಾಲೇಜಿನಲ್ಲಿ ಪಿಯಾನೊ ಒರೆಸುವ ಕೆಲಸ ವಿದ್ಯಾರ್ಥಿಗಳದ್ದೇ?

ಅತ್ತೆ

ಫೆಬ್ರವರಿ ೧೧

ಈ ಕಾಗದ ಎಲ್ಲಿ ಹೋಗಿ ಮುಟ್ಟುತ್ತದೋ ಗೊತ್ತಿಲ್ಲ. ಸೈಕಲ್ ಅಂಗಡಿಯಾದರೂ ನಿಜವೋ ಸುಳ್ಳೋ.

ಇವತ್ತು ನಿನ್ನ ಕಾಲೇಜಿಗೆ ಫೋನ್ ಮಾಡಿದ್ದೆ. ಗುಮಾಸ್ತೆ ಹೆಸರು ಹುಡುಕಿ, “ಅವ್ರು ನವೆಂಬರಿನಲ್ಲೇ ಬಿಟ್ಟು ಹೋದ್ರಲ್ಲ” ಎಂದಳು. ಸರಿಯಾಗಿ ನೋಡಮ್ಮ ಎಂದೆ. “ಕ್ರೇನ್ ನಡೆಸ್ತಿದ್ದೋರು ತಾನೆ? ಅವ್ರೇ” ಎಂದಳು.

ನವೆಂಬರಿನಿಂದ ಎಲ್ಲಿದ್ದೀಯ? ವಿಶೇಷ ಪಾಠ ಯಾವುದು? ನಿನ್ನ ಗಂಡನಿಗೆ ಹೇಳಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಯಾವುದಾದರೂ ಗಂಡಸಿನ ವಿಷಯವಾದರೆ ಅದನ್ನೂ ಬರೆ. ಸುಳ್ಳೊಂದನ್ನು ಬರೆಯಬೇಡ.

ಅತ್ತೆ

ಫೆಬ್ರವರಿ ೧೭

ಅತ್ತೆ,

ಸೈಕಲ್ ಅಂಗಡಿ ನಿಜ. ಕೋಣೆ ನಿಜ. ಗಂಡಸು ಇಲ್ಲ.

ಮೇಷ್ಟ್ರು ತಿರುಗಿ ನೋಡಿದ್ದು ಸುಳ್ಳು. ಒಂದು ಸಲವೂ ನೋಡಲಿಲ್ಲ. ನವೆಂಬರಿನ ಪರೀಕ್ಷೆ ಮುಗಿದ ಮೇಲೆ ಕರೆದು, “ನೋಡಮ್ಮ, ಹಸಿ ಕೋಲು ಬಗ್ಗುತ್ತೆ, ಒಣಗಿದ್ದು ಮುರಿಯುತ್ತೆ. ನಿನ್ನ ಜಾಗಕ್ಕೆ ಹದಿನೇಳರ ಹುಡುಗ ಒಬ್ಬ ಕಾಯ್ತಿದ್ದಾನೆ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಗಳವಾಡಲೂ ಆಗಲಿಲ್ಲ. ಸಾಮಾನು ಕಟ್ಟಿಕೊಂಡು ರೈಲು ಸ್ಟೇಷನ್ನಿಗೆ ಹೋದೆ. ಟಿಕೆಟ್ ಕಿಟಕಿಯ ಮುಂದೆ ನಿಂತಾಗ ನಿಮ್ಮ ಮುಖ ಕಣ್ಣೆದುರು ಬಂತು. ಇವರದ್ದಲ್ಲ, ಬುಗುರಿಯದ್ದೂ ಅಲ್ಲ, ನಿಮ್ಮದು. ವಾಪಸು ಬಂದೆ.

ಈಗ ಪಿಯಾನೊ ಮಾರುವ ಅಂಗಡಿಯಲ್ಲಿದ್ದೇನೆ. ಕೊಳ್ಳಲು ಬಂದವರಿಗೆ ಬಾರಿಸಿ ತೋರಿಸುವುದು ನನ್ನ ಕೆಲಸ. ಅಂಗಡಿಯ ಯಜಮಾನಿ ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಬಾಗಿಲು ಹಾಕಿದ ಮೇಲೆ ಸಾಧಕಕ್ಕೆ ಕೀಲಿಕೈ ಬಿಟ್ಟುಹೋಗುತ್ತಾರೆ. ರಜೆಯಲ್ಲಿ ವ್ಯಾಪಾರ ಜೋರು, ಅದಕ್ಕೇ ಬರಲಾಗಲಿಲ್ಲ.

ನಿಮಗೆ ತಿಳಿಸದೆ ಇದ್ದದ್ದು ಇನ್ನೊಂದಿದೆ, ಇದು ಮಾತ್ರ ಸಿಹಿ. ಹೋದ ವಾರ ಇಲ್ಲಿನ ಸಂಗೀತ ಸಭಾಂಗಣದ ನಿರ್ದೇಶಕರು ಹೊಸ ಪಿಯಾನೊ ಆರಿಸಲು ಬಂದಿದ್ದರು. ನಾನು ಬಾರಿಸಬೇಕು, ಅವರು ಅಂಗಡಿಯ ಕೊನೆಗೆ ಹೋಗಿ ನಿಂತು ಕೇಳಬೇಕು. ಆ ಮುನಿಸಿನ ಕರಿಯದರ ಮೇಲೆ ನೀವು ಕಲಿಸಿದ ದೊಡ್ಡ ಕೃತಿಯ ನಿಧಾನದ ಭಾಗ ಹಿಡಿದೆ. ಸಾಕು ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಕೊನೆಯ ತನಕ ಬಾರಿಸಿದೆ. ಯಜಮಾನಿ, “ಹೇಗಿದೆ ಸರ್ ಪಿಯಾನೊ?” ಎಂದು ಕೇಳಿದರು. “ಪಿಯಾನೊ ಕೇಳೋದು ಮರೆತೆ, ಇನ್ನೊಂದ್ಸಲ ಬಾರಿಸ್ಲಿ” ಎಂದರು.

ಎರಡು ದಿನ ಬಿಟ್ಟು ಮತ್ತೆ ಬಂದರು, ಮೂರು ಗಂಟೆ ಬಾರಿಸಲು ಹೇಳಿ ಕೇಳಿದರು. ಏಪ್ರಿಲ್ ಇಪ್ಪತ್ತಕ್ಕೆ ಸಣ್ಣ ಸಭಾಂಗಣದಲ್ಲಿ ನನ್ನ ಒಬ್ಬಳದೇ ಕಚೇರಿ. ಎಡವಿದರೆ ಅಲ್ಲಿಗೆ ಮುಗಿಯಿತು ಎಂದೂ ಹೇಳಿದ್ದಾರೆ.

ಈಗ ನೀವು ಹೇಳಿ. ಕಾಲೇಜಿಗೆ ಯಾಕೆ ಫೋನ್ ಮಾಡಿದಿರಿ? ಇಷ್ಟು ದಿನ ಮಾಡದವರು ಅವತ್ತೇ ಯಾಕೆ? ಬುಗುರಿ ಚೆನ್ನಾಗಿದ್ದಾಳೆ ತಾನೆ?

ನಿಮ್ಮ ಸೊಸೆ

ಮಾರ್ಚ್ ೨

ಸೊಸೆಗೆ,

ನಿನ್ನ ಕಾಗದ ಓದಿ ಪಿಯಾನೊ ಮುಂದೆ ಹೋಗಿ ಕೂತೆ. ಬಾರಿಸಲಿಲ್ಲ, ಸುಮ್ಮನೆ ಕೂತೆ.

ಫೋನ್ ಮಾಡಿದ್ದಕ್ಕೆ ಕಾರಣವೇನೂ ಇಲ್ಲ, ಮನಸ್ಸಾಯಿತು, ಮಾಡಿದೆ. ಇಲ್ಲಿ ಎಲ್ಲರೂ ಕ್ಷೇಮ. ನೀನು ಇಲ್ಲಿಯ ಯೋಚನೆ ಪೂರ್ತಿ ಬಿಡಬೇಕು. ಕಚೇರಿಗೆ ಮುಂಚೆ ಬರುತ್ತೇನೆ ಎಂದು ಹೊರಡಬೇಡ. ಕಚೇರಿ ಆದ ಮೇಲೂ ಒಡನೆಯೇ ಬೇಡ, ಬೇರೆ ಕರೆಗಳು ಬರಬಹುದು. ಇಲ್ಲಿಂದ ಯಾರು ಏನು ಹೇಳಿದರೂ ನಂಬಬೇಡ, ನಾನು ಬರೆದದ್ದನ್ನಷ್ಟೇ ನಂಬು.

ನಿಧಾನದ ಭಾಗವನ್ನು ಮೊದಲು ಇಡಬೇಡ. ಜನ ಕೆಮ್ಮುತ್ತಾರೆ. ಅವರನ್ನು ಮೊದಲು ಹೆದರಿಸು, ಆಮೇಲೆ ಅಳಿಸು.

ಅತ್ತೆ

ಏಪ್ರಿಲ್ ೯

ಅತ್ತೆ,

ಇವತ್ತು ಅಂಗಡಿಯಿಂದ ಮನೆಗೆ ಫೋನ್ ಮಾಡಿದೆ. ಬೇಡ ಎಂದಿದ್ದಿರಿ, ಮಾಡಿದೆ. “ಯಾರು ಏನು ಹೇಳಿದರೂ ನಂಬಬೇಡ” ಎಂಬ ಸಾಲು ಒಂದು ತಿಂಗಳಿಂದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಬುಗುರಿ ಎತ್ತಿಕೊಂಡಳು. ನನ್ನ ದನಿ ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹೇಳಿದಳು: “ಅಮ್ಮಾ, ನನ್ನ ಕೈ ಬ್ಯಾಂಡೇಜು ಬಿಚ್ಚಿದ್ರು. ನಾವು ಹೊಸ ಊರಿಗೆ ಹೋಗ್ತೀವಿ, ಅಪ್ಪನಿಗೆ ಅಲ್ಲಿ ಕೆಲ್ಸ. ಅಜ್ಜಿ ನಿಂಗೆ ಹೇಳ್ಬಾರ್ದು ಅಂದಿದ್ದಾರೆ, ಹೇಳಿದ್ರೆ ನೀನು ಪಿಯಾನೊ ಮರೆತ್ಬಿಡ್ತೀಯಂತೆ.”

ಕೈ ಮುರಿದಿತ್ತೇ ಅತ್ತೆ? ಅದನ್ನು ತಿಳಿಸಲೆಂದೇ ಕಾಲೇಜಿಗೆ ಫೋನ್ ಮಾಡಿದಿರಿ, ಅಲ್ಲವೇ? ನನ್ನ ಸುಳ್ಳು ಸಿಕ್ಕಿತು, ನಿಮ್ಮದನ್ನು ಅದರ ಹಿಂದೆ ಬಚ್ಚಿಟ್ಟಿರಿ.

ಇವರು ಫೋನ್ ತೆಗೆದುಕೊಂಡರು. ಹತ್ತು ತಿಂಗಳಲ್ಲಿ ಮೊದಲ ಮಾತು. “ವರ್ಗ ಆಗಿದೆ, ಮಗೂನ ಕರ್ಕೊಂಡು ಹೋಗ್ತೀನಿ, ನೀನೇನಂತೀಯ ಅಂತ ಅಮ್ಮನ ಕೈಲಿ ಕೇಳಿಸಿದ್ದೆ. ನಿಮ್ಮಿಷ್ಟ ಅಂದೆಯಂತೆ. ಈಗ್ಯಾಕೆ ಅಳೋದು?”

ನಾನು ಹಾಗೆ ಯಾವಾಗ ಅಂದೆ? ಯಾವ ಕಾಗದದಲ್ಲಿ ಅಂದೆ? ನೀವು ಕೇಳಿದ್ದಾದರೂ ಯಾವಾಗ? ನನ್ನ ಬಾಯಿಗೆ ನಿಮ್ಮ ಮಾತು ತುರುಕಿ, ನನ್ನ ಮಗುವನ್ನು ನಾನೇ ಬಿಟ್ಟುಕೊಟ್ಟ ಹಾಗೆ ಮಾಡಿದಿರಿ. ನನಗೆ ಕಲಿಸಿದವರು ನೀವು, ಕಾಲು ಮುಟ್ಟಿ ನಮಸ್ಕರಿಸಿದ್ದೇನೆ. ಆದರೆ ನನ್ನ ಮಗಳ ವಿಷಯದಲ್ಲಿ ನನಗೆ ಏನು ತಿಳಿಯಬೇಕು, ಏನು ತಿಳಿಯಬಾರದು ಎಂದು ತೀರ್ಮಾನ ಮಾಡಲು ನೀವು ಯಾರು?

ಹದಿನೆಂಟಕ್ಕೆ ಹೊರಡುತ್ತಾರಂತೆ. ಕಚೇರಿ ಇಪ್ಪತ್ತಕ್ಕೆ. ಈ ಕಾಗದ ನಿಮಗೆ ಮುಟ್ಟುವುದರೊಳಗೆ ನಾನೇ ಬಂದಿರಬಹುದು. ಆದರೂ ಬರೆದೆ. ಎದುರಿಗೆ ನಿಂತರೆ ಇಷ್ಟು ಹೇಳಲಾರೆ ಎಂದು ಗೊತ್ತು.

ಏಪ್ರಿಲ್ ೨೪

ಅತ್ತೆಯವರಿಗೆ,

ಇದನ್ನು ಹೊಸ ಊರಿನಿಂದ ಬರೆಯುತ್ತಿದ್ದೇನೆ. ಇನ್ನೂ ಬಿಚ್ಚದ ಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡಿದ್ದೇನೆ.

ನಾನು ಬಂದು ಬಾಗಿಲಲ್ಲಿ ನಿಂತಾಗ ನೀವು ಕೇಳಿದ ಮೊದಲ ಮಾತು, “ಸಾಧಕ ಬಿಟ್ಟು ಬಂದ್ಯಾ?” ಎಂದು. ಆಮೇಲೆ ನಿಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಹೊರಗೆ ಏನು ನಡೆಯಿತು ಎಂಬುದು ನಿಮಗೆ ತಿಳಿದಿರಲಿ.

ಇವರು ಪಾತ್ರೆಗಳಿಗೆ ಪತ್ರಿಕೆ ಸುತ್ತುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. “ನಿಮ್ಮಿಷ್ಟ ಅಂದಿದ್ದು ಹೌದೋ ಅಲ್ವೋ?” ಎಂದು ಕೇಳಿದರು. ರೈಲಿನಲ್ಲಿ ಇಡೀ ದಾರಿ ಇದೇ ಉತ್ತರ ಉರುಹೊಡೆದುಕೊಂಡು ಬಂದಿದ್ದೆ: ನಾನಲ್ಲ, ನಿಮ್ಮಮ್ಮ. ಆದರೆ ಅವರ ಮುಖ ನೋಡಿದೆ. ಹೆಂಡತಿ ಹೋದಳು ಎಂದುಕೊಂಡಿರುವ ಗಂಡಸಿಗೆ ತಾಯಿಯೂ ಮೋಸ ಮಾಡಿದಳು ಎಂದು ಹೇಗೆ ಹೇಳಲಿ? ಮುಚ್ಚಿದ ಬಾಗಿಲ ಆ ಕಡೆ ನೀವು ನಿಂತಿದ್ದೀರಿ ಎಂದೂ ಗೊತ್ತಿತ್ತು. “ಅಂದೆ. ತಪ್ಪಾಯ್ತು” ಎಂದೆ.

ಅವರು ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, “ಈಗೇನು ಮಾಡ್ಬೇಕು ಅಂತಿದ್ದೀಯ?” ಎಂದರು.

“ಬುಗುರೀನ ಕಚೇರಿಗೆ ಕರ್ಕೊಂಡು ಹೋಗ್ತೀನಿ. ಮುಗಿದ ಮಾರನೇ ದಿನ ಹೊಸ ಊರಿಗೆ ಬರ್ತೀವಿ.”

“ಬರ್ತೀಯ ಅಂತ ಏನು ಖಾತ್ರಿ?”

“ಖಾತ್ರಿ ಏನೂ ಇಲ್ಲ. ಬರ್ತೀನಿ.”

“ಬಂದು?”

“ಬಂದು ಅಲ್ಲೇ ಇರ್ತೀನಿ. ಬಾರಿಸೋಕೆ ಕರೆದಾಗ ಹೋಗ್ತೀನಿ, ಮುಗಿಸಿ ಬರ್ತೀನಿ. ನೀವು ಹಡಗು ರಿಪೇರಿಗೆ ವಾರಗಟ್ಟಲೆ ಹೋಗಿ ಬರಲ್ವಾ, ಹಾಗೆ.”

ಒಪ್ಪಿದರು ಎಂದು ಹೇಳಲಾರೆ. ಬುಗುರಿಯ ಬಟ್ಟೆಗಳನ್ನು ಬೇರೆ ಚೀಲಕ್ಕೆ ಹಾಕಿಕೊಟ್ಟರು.

ಈಗ ಕಚೇರಿಯ ವಿಷಯ, ಕೇಳುವ ಹಕ್ಕು ನಿಮಗಿದೆ. ಮೊದಲು ಹೆದರಿಸುವ ಕೃತಿ ಇಟ್ಟೆ, ನೀವು ಹೇಳಿದ ಹಾಗೇ. ಜನ ಕೆಮ್ಮಲಿಲ್ಲ. ಎರಡನೆಯದರ ನಡುವೆ ಬಲಗೈಗೆ ದಾರಿ ತಪ್ಪಿತು. ಮುಂದಿನ ಸ್ವರ ಯಾವುದು ಎಂಬುದೇ ಹೊಳೆಯಲಿಲ್ಲ, ಎದುರಿಗೆ ಗೋಡೆ ಬಂದ ಹಾಗೆ. ಎಡಗೈ ಮಾತ್ರ ನಿಲ್ಲದೆ ನಡೆಯಿತು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ಕೇಳುತ್ತ ಹೋದೆ. ನಾಲ್ಕು ಸಾಲು ಕಳೆದ ಮೇಲೆ ಎಲ್ಲಿ ಸೇರಬೇಕೋ ತಿಳಿಯಿತು, ಸೇರಿಕೊಂಡೆ.

ಎಲ್ಲ ಮುಗಿದ ಮೇಲೆ ನಿರ್ದೇಶಕರು ಒಳಕೋಣೆಗೆ ಬಂದರು. “ಬಲಗೈ ಬಿಟ್ಟಿದ್ದು ಬೇಕಂತಲೇ ಅಂದ್ಕೊಂಡ್ರು ಜನ. ನಾನು ಅಂದ್ಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ ವಾದ್ಯವೃಂದದ ಜೊತೆ ಬಾರಿಸಿ. ಅಲ್ಲಿ ಹಾಗೆ ಬಿಡೋಕಾಗಲ್ಲ, ನೆನಪಿರಲಿ” ಎಂದರು.

ಯಜಮಾನಿಯ ಪಕ್ಕ ಮೊದಲ ಸಾಲಿನಲ್ಲಿ ಕೂತಿದ್ದ ಬುಗುರಿ, “ನಿದ್ದೆ ಬಂತಮ್ಮ, ಆದ್ರೆ ಕಣ್ಣು ಮುಚ್ಚಲಿಲ್ಲ” ಎಂದಳು.

ನಿಮ್ಮ ಸೊಸೆ

ಜುಲೈ ೮

ಅತ್ತೆಯವರಿಗೆ,

ಉತ್ತರವಿಲ್ಲ. ನಿಮ್ಮ ಸಿಟ್ಟು ಇಳಿದಿಲ್ಲ ಎಂದುಕೊಂಡಿದ್ದೇನೆ. ನನ್ನದೂ ಪೂರ್ತಿ ಇಳಿದಿಲ್ಲ.

ಇಲ್ಲಿ ಬುಗುರಿಯ ಶಾಲೆಯ ಸಭಾಭವನದಲ್ಲಿ ಒಂದು ಪಿಯಾನೊ ಇದೆ. ಮಕ್ಕಳು ಮನೆಗೆ ಹೋದ ಮೇಲೆ ಬಾರಿಸಲು ಬಿಡುತ್ತಾರೆ. ಮೇಲಿನ ಎರಡು ಕೀಗಳು ಮೂಕ. ಅಲ್ಲಿಗೆ ಬಂದಾಗ ಬಾಯಲ್ಲಿ ಹಾಡಿಕೊಳ್ಳುತ್ತೇನೆ. ತಿಂಗಳಿಗೆ ಎರಡು ಸಲ ರೈಲು ಹತ್ತಿ ಅಂಗಡಿಗೆ ಹೋಗಿ ಒಳ್ಳೆಯ ಪಿಯಾನೊ ಮೇಲೆ ಕೈ ಆಡಿಸಿ ಬರುತ್ತೇನೆ.

ಇವರು ಒಳ್ಳೆಯವರಾಗಿಯೇ ಇದ್ದಾರೆ. ಆದರೆ ಆ ಮಾತು ಊಟದ ತಟ್ಟೆಯ ಪಕ್ಕದಲ್ಲಿ ಬಂದು ಕೂರುತ್ತದೆ. ಬುಗುರಿಗೆ ಯಾವ ಬಣ್ಣದ ಕೋಟು ತರೋಣ ಎಂದರೂ “ನಿನ್ನಿಷ್ಟ” ಅನ್ನುತ್ತಾರೆ. ಸೇಡಿಗೆ ಅನ್ನುವುದಲ್ಲ. ನನ್ನನ್ನು ನೋಡದೆ ಅನ್ನುತ್ತಾರೆ. ನಾನು ರೈಲು ಹತ್ತಿದಾಗಲೆಲ್ಲ ಮಗುವಿನ ಕೈಯನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡು ನಿಂತಿರುತ್ತಾರೆ.

ಅವತ್ತು ನಾನು ಹೊತ್ತುಕೊಂಡೆ. ಜೀವಮಾನ ಹೊರಲಾರೆ. ಅವರಿಗೆ ನಾನು ಹೇಳುವುದಿಲ್ಲ, ಹೇಳಬೇಕಾದವರು ನೀವು. ಅದು ಬಗೆಹರಿಯದೆ ಪಿಯಾನೊ ಬಗ್ಗೆ ನಿಮಗೆ ಬರೆಯಲು ನನಗೆ ಕೈ ಬರುವುದಿಲ್ಲ.

ನಿಮ್ಮ ಸೊಸೆ

ಸೆಪ್ಟೆಂಬರ್ ೧೮

ಸೊಸೆಗೆ,

ಸಿಟ್ಟಿತ್ತು, ಬೇಸಿಗೆ ಮುಗಿಯುವ ತನಕ ಇತ್ತು. ನಾನು ಮಾಡಿದ್ದೇ ಸರಿ, ಕಚೇರಿ ಆಗಿದ್ದು ನನ್ನಿಂದ ಎಂದೇ ಮನಸ್ಸಿನಲ್ಲಿ ವಾದ ಮಾಡುತ್ತಿದ್ದೆ. ಆಮೇಲೆ ಸಿಟ್ಟು ಹೋಯಿತು. ಅದರ ಜಾಗದಲ್ಲಿ ಬಂದದ್ದರ ಜೊತೆ ಬಾಳುವುದು ಕಷ್ಟ, ಮನೆಯಲ್ಲಿ ಬೇರೆ ಯಾರೂ ಇಲ್ಲ.

ನೀನು ಒಂದು ಸಲ ಮನೆಗೆ ಬಂದರೆ ತಿರುಗಿ ಹೋಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ನಾನು ಹಾಗೆಯೇ ಉಳಿದವಳು. ನಿನ್ನ ಗಂಡ ಹುಟ್ಟಿದ ವರ್ಷ ನನಗೂ ಕಚೇರಿಗೆ ಒಂದು ಕರೆ ಬಂದಿತ್ತು. ಎರಡರಲ್ಲಿ ಒಂದು ಎಂದುಕೊಂಡೆ, ಒಂದನ್ನು ಹಿಡಿದೆ. ನೀನು ಬಂದೆ, ಹೋದೆ, ಮತ್ತೆ ಬಂದೆ. ಅದು ಆಗುವ ಮಾತು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಬುಗುರಿಯ ಚಿತ್ರಗಳು ನನ್ನ ಹತ್ತಿರ ಇವೆ. ಬರೆದಿದ್ದಳು. ಕಳಿಸಲಿಲ್ಲ.

ಮಗನಿಗೆ ಕಾಗದ ಬರೆಯಲು ಕೂತೆ, ಹರಿದೆ. ಬರೆದು ಹೇಳಿದರೆ ಅವನ ಮುಖ ನೋಡಬೇಕಾಗಿಲ್ಲ. ಅದಕ್ಕೇ ಬರೆಯುವುದಿಲ್ಲ, ಬಂದು ಹೇಳುತ್ತೇನೆ. ಆದರೆ ನಿನ್ನ ಕಚೇರಿ ಹತ್ತಿರ ಬಂತು. ಅವನು ಕೇಳಿ ಏನು ಮಾಡುತ್ತಾನೋ, ಮನೆ ಹೇಗಾಗುತ್ತದೋ. ಮತ್ತೊಂದು ಸಲ ನಿನ್ನ ಕೈ ತಪ್ಪಿಸಲಾರೆ. ಎಲ್ಲ ಮುಗಿದ ಮೇಲೆ ನವೆಂಬರಿನಲ್ಲಿ ಬರಲೇ? ನೀನು ಹೇಳಿದ ಹಾಗೆ.

ಅತ್ತೆ

ಸೆಪ್ಟೆಂಬರ್ ೨೩

ಅತ್ತೆ,

ಕಚೇರಿ ಮುಗಿಯುವ ತನಕ ಕಾಯಬೇಡಿ. ಬರುವ ಶುಕ್ರವಾರ ಮಧ್ಯಾಹ್ನದ ರೈಲಿಗೆ ಬನ್ನಿ. ಬುಗುರಿಯ ಚಿತ್ರಗಳನ್ನು ತನ್ನಿ.

ನಾನು ಸ್ಟೇಷನ್ನಿಗೆ ಬರುವುದಿಲ್ಲ. ಆ ಹೊತ್ತಿಗೆ ಶಾಲೆ ಬಿಟ್ಟಿರುತ್ತದೆ, ನನಗೆ ಸಾಧಕ ಇರುತ್ತದೆ. ನಿಮ್ಮ ಮಗ ಬರುತ್ತಾರೆ. ಸ್ಟೇಷನ್ನಿನ ಹಿಂದಿನ ಬಾಗಿಲಿನಿಂದ ಇಳಿದರೆ ಕಾಲುವೆಯ ಪಕ್ಕ ಒಂದು ದಾರಿ ಇದೆ, ಮನೆಗೆ ನಡೆದೇ ಬರಬಹುದು, ಜನ ಕಡಿಮೆ. ಹೇಳಬೇಕಾದ್ದನ್ನು ಅಲ್ಲಿ ಹೇಳಿ. ಅವರು ಎಲ್ಲಾದರೂ ನಿಂತರೆ ನೀವೂ ನಿಲ್ಲಿ, ಅವಸರ ಮಾಡಬೇಡಿ.

ಊಟಕ್ಕೆ ಎಲ್ಲರಿಗೂ ಸೇರಿಸಿಯೇ ಮಾಡಿರುತ್ತೇನೆ. ಎಷ್ಟು ಹೊತ್ತಾದರೂ ಇಬ್ಬರೂ ಬನ್ನಿ.